ನಿಂತುಳಿದ ಬೇಲಿ

ಇವರಿಗೆ ವಯಸ್ಸಾಯಿತು, ಊರು ಹೆಸರೆಲ್ಲ ಕಲಸಿಕೊಳ್ಳುತ್ತಾರೆ ಎಂದು ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಬಗ್ಗೆ ಬರೆದವರು ಯಾರಪ್ಪಾ? ಬರೆದವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಕನ್ನಡಕ ಎಲ್ಲಿಟ್ಟೆ ಎನ್ನುವುದು ನನಗೆ ಮರೆಯಬಹುದು. ಚನ್ನರಾಯಪಟ್ಟಣದ ಸೀಮೆಯ ಆ ಹೊಂಡ ಮರೆಯುವುದಿಲ್ಲ. ಮರೆತವರು ನೀವು.

ಹೋದ ಕಾರ್ತಿಕ ಮಾಸ, ಒಂದು ಮಂಗಳವಾರ, ಬೆಳಗ್ಗೆ ಏಳೂವರೆ. ಸಬ್ ಇನ್ಸ್‌ಪೆಕ್ಟರ್ ಆಶಾರಾಣಿ ಜೀಪಿನಿಂದ ಇಳಿಯುವಾಗ ಠಾಣೆಯ ಮೆಟ್ಟಿಲ ಮೇಲೆ ಸ್ನೇಹಲತಾ ಎಂಬ ಹೆಂಗಸು ಕೂತಿದ್ದಳು.

"ನಮ್ ಯಜಮಾನ್ರು ರಾತ್ರಿ ಮನೇಗ್ ಬರ್ನಿಲ್ಲ ಮೇಡಂ. ಕುಮಾರ್ ಅಂತ. ಕೃಷಿ ಹೊಂಡಕ್ಕೆ ಬೇಲಿ ಆಕೋ ಕೆಲ್ಸ."

"ಎಲ್ಲಿಗೆ ಹೋಗಿದ್ದರು?"

"ಎಲೆಗೆರೆ ಕೊಪ್ಪಲಿಗೆ. ಸಿದ್ದೇಶ್ವರಣ್ಣೋರ ತ್ವಾಟಕ್ಕೆ. ಬೇಲಿ ಬಿಚ್ಕಂಡು ಬತ್ತೀನಿ ಅಂದಿದ್ರು."

ಬೇಲಿ ಹಾಕುವವನು ಬಿಚ್ಚಲು ಹೋದದ್ದೇಕೆ ಎಂದು ಆಶಾರಾಣಿ ಕೇಳುವಷ್ಟರಲ್ಲಿ ಎಲೆಗೆರೆ ಕೊಪ್ಪಲಿನಿಂದಲೇ ಫೋನು ಬಂತು. ಹೊಂಡದ ನೀರಿನಲ್ಲಿ ಒಂದು ಚಪ್ಪಲಿ ತೇಲುತ್ತಿದೆ.

ಸರ್ಕಾರದ ಸಹಾಯಧನದಲ್ಲಿ ಮಳೆನೀರು ನಿಲ್ಲಿಸಲು ತೋಡುವ ಹೊಂಡ ಅದು. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ. ಒಮ್ಮೆ ಜಾರಿದವರಿಗೆ ಹತ್ತಿ ಬರಲು ಏನೂ ಸಿಗುವುದಿಲ್ಲ. ಅದಕ್ಕೇ ಸುತ್ತ ತಂತಿ ಬೇಲಿ ಇರಬೇಕು, ಗಂಟು ಹಾಕಿದ ಹಗ್ಗವೊಂದು ನೀರಿಗೆ ಇಳಿಬಿದ್ದಿರಬೇಕು ಎಂಬ ನಿಯಮ. ಎರಡೂ ಕಾಣುವಂತೆ ಫೋಟೋ ತೆಗೆದ ಮೇಲೇ ಸಹಾಯಧನ.

ಅಗ್ನಿಶಾಮಕದವರು ಏಣಿ ಇಟ್ಟು ಬೇಲಿ ದಾಟಿ, ಒಂಬತ್ತೂಕಾಲಿಗೆ ಹೆಣ ಮೇಲೆತ್ತಿದರು. ಕುಮಾರನೇ. ಉಗುರಿನ ಸಂದಿಯೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಚೂರು. ಹಾಳೆಯ ಮೇಲೆ ನೀರಿನ ಅಂಚಿನುದ್ದಕ್ಕೂ ಪರಚಿದ ಗೆರೆ. ಮನುಷ್ಯ ನಾಲ್ಕೂ ದಿಕ್ಕಿನಲ್ಲಿ ಹತ್ತಲು ನೋಡಿದ್ದ.

ಹೆಡ್ ಕಾನ್‌ಸ್ಟೇಬಲ್ ಮಂಚಯ್ಯ ಪಂಚನಾಮೆ ಬರೆಯತೊಡಗಿದ. ತೋಟದ ಯಜಮಾನ ಸಿದ್ದೇಶ್ವರ ಹತ್ತಿರ ಬಂದು ದನಿ ತಗ್ಗಿಸಿದ.

"ಕಾಲು ಜಾರಿ ಬಿದ್ದವ್ನೆ ಅಂತ ಬರ್ಕಂಡು ಮುಗ್ಸಿಬುಡಿ ಮೇಡಂ. ಕೆದಕಿದ್ರೆ ಇಡೀ ಊರಿನ ಹೊಂಡಕ್ಕೆ ಕಲ್ಲು ಬೀಳ್ತದೆ."

"ನೀವು ಎಲ್ಲಿದ್ದಿರಿ?"

"ಸಾಯಂಕಾಲ ಡೈರಿಗೆ ಹಾಲು ಆಕಕ್ಕೆ ಓಗಿದ್ದೆ. ಕುಮಾರ ಬಂದಿದ್ದು ನೋಡ್ದೋನೇ ಅಲ್ಲ ನಾನು."

ಆಶಾರಾಣಿ ಬೇಲಿಯ ಬಾಗಿಲ ಬಳಿ ನಿಂತರು. ತಂತಿಯಿಂದ ಬಿಗಿದಿತ್ತು, ಅದೂ ಹೊರಗಡೆಯಿಂದ. ಗಂಟಿನ ಹಗ್ಗ ಹೊರಗಿನ ಕಂಬದ ಮೇಲೆ ನೀಟಾಗಿ ಸುರುಳಿ ಸುತ್ತಿ ಕೂತಿತ್ತು.

"ಮಂಚಯ್ಯ, ಒಳಗೆ ಬಿದ್ದವನು ಹೊರಗಿನಿಂದ ಬಾಗಿಲು ಕಟ್ಟಿಕೊಳ್ಳುತ್ತಾನೇನ್ರೀ?"

ಮಂಚಯ್ಯ ಬರೆದಿದ್ದ ಸಾಲಿಗೆ ಗೀಟು ಹಾಕಿದ.

ತಂತಿಯ ತುದಿ ಒಳಕ್ಕೆ ಎರಡು ಸಲ ಮಡಚಿತ್ತು. ಮುಟ್ಟಿದರೆ ಚುಚ್ಚುತ್ತಿರಲಿಲ್ಲ. ಅವಸರದಲ್ಲಿ ಓಡಿಹೋದವನ ಕೈಕೆಲಸವಲ್ಲ ಅದು.

ಅಷ್ಟು ಹೊತ್ತಿಗೆ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ಮುದುಕಿ ಪುಟ್ಟತಾಯಮ್ಮ ನಕ್ಕಳು.

"ಏನವ್ವಾ, ಆ ಬೇಲಿನ ಅಂಗ್ ನೋಡ್ತಿದೀಯ? ನಮ್ಮೂರಾಗೆ ಫೋಟೋ ಆದ್ ಮ್ಯಾಗೂ ಬೇಲಿ ನಿಂತಿರೋದು ಇದೇ ಮೊದ್ಲು ಕಣವ್ವಾ."

"ಉಳಿದವರ ಬೇಲಿ?"

"ಎಲ್ರುದೂ ಇದೇ ಬೇಲಿ. ಇದೇ ಹಗ್ಗ. ಇವತ್ತು ಇಲ್ಲಿ ನೆಟ್ಟು ಫೋಟೋ ತೆಗ್ಸೋದು, ಬಿಚ್ಚೋದು, ಗಾಡಿಗ್ ಆಕ್ಕೊಂಡು ಮುಂದಿನ ಹೊಂಡಕ್ಕೆ ಓಗೋದು. ಕುಮಾರನ ಬೇಲಿ ನಾನ್ ಸುತ್ತಿರೋದಕ್ಕಿಂತ ಜಾಸ್ತಿ ಊರು ಸುತ್ತೈತೆ."

"ಅಜ್ಜಿ, ಸುಮ್ಕಿರು" ಎಂದ ಸಿದ್ದೇಶ್ವರ.

"ಸುಮ್ಕಿದ್ದಿದ್ದಕ್ಕೇ ಅಲ್ವೇನ್ಲಾ ಮಂಜುನ ಕೂಸು ಅವ್ನ ಹೊಂಡಕ್ಕೇ ಬಿದ್ದು ಓಗಿದ್ದು? ಬೇಲಿ ಬಿಚ್ಚಿದ ಮಾರ್ನೆ ದಿನ. ಬೇಲಿ ಇತ್ತು, ಮಗೀನೇ ಹತ್ತಿ ಬಿತ್ತು ಅಂತ ಊರೋರೆಲ್ಲಾ ಸೇರಿ ಹೇಳ್ದೋ. ಹೆತ್ತಪ್ಪನ ಬಾಯಲ್ಲೂ ಹೇಳ್ಸುದ್ರು." ಮುದುಕಿ ಗದ್ದವನ್ನು ಮಂಚಯ್ಯನ ಕಡೆಗೆ ತಿರುವಿದಳು. "ಅವತ್ತೂ ಈ ಯಪ್ಪನೇ ಕಣವ್ವಾ ಬರ್ಕಂಡಿದ್ದು."

ಆಶಾರಾಣಿ ಮಂಚಯ್ಯನನ್ನು ಒಮ್ಮೆ ನೋಡಿ ಮುದುಕಿಯ ಕಡೆ ತಿರುಗಿದರು.

"ಮಂಜು ಈಗೇನು ಮಾಡುತ್ತಾನೆ?"

"ಕುಮಾರನ ಜೊತೆಗೇ ಕೂಲಿ. ಬೇಲಿ ನೆಡೋದು, ಬಿಚ್ಚೋದು. ಕೂಸು ಓದ್ ಮ್ಯಾಲೂ ಒಂದ್ ದಿನ ತಪ್ಪಿಸ್ನಿಲ್ಲ. ಮಾತ್ ಮಾತ್ರ ನಿಲ್ಲಿಸ್ಬುಟ್ಟ."

ಹೆಣ ಹಾಸನಕ್ಕೆ ಮರಣೋತ್ತರ ಪರೀಕ್ಷೆಗೆ ಹೋಯಿತು. ಜೀಪು ಮಂಜುನಾಥನ ಜಮೀನಿಗೆ ಹೋಯಿತು. ಅವನ ಹೊಂಡದಲ್ಲಿ ನೀರಿರಲಿಲ್ಲ. ಹಾಳೆ ಕಿತ್ತು, ಅರ್ಧ ಮಣ್ಣು ತುಂಬಿಸಿದ್ದ. ಆದರೂ ಸುತ್ತ ಬಿದಿರು ನೆಟ್ಟು ತಂತಿ ಬಿಗಿದಿದ್ದ. ನೀರಿಲ್ಲದ ಗುಂಡಿಗೆ ಎದೆಮಟ್ಟದ ಬೇಲಿ. ಆಶಾರಾಣಿ ತಂತಿಯ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬಂದರು. ಎಲ್ಲಿಯೂ ಚುಚ್ಚಲಿಲ್ಲ. ಪ್ರತಿ ತುದಿಯೂ ಒಳಕ್ಕೆ ಎರಡು ಸಲ ಮಡಚಿತ್ತು.

ಮಂಜುನಾಥ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಓಡಲಿಲ್ಲ.

"ನಿನ್ನೆ ಸಂಜೆ ಕುಮಾರನ ಜೊತೆ ಇದ್ದೆಯಾ?"

"ಇದ್ದೆ ಮೇಡಂ."

"ನೂಕಿದೆಯಾ?"

"ಇಲ್ಲ. ಅಂಚಿನ ಕಂಬ ಕೀಳಕ್ಕೋಗಿ ಅವ್ನೇ ಜಾರ್ದ. ಹಗ್ಗ ಹಿಡ್ಕಳಕ್ಕೆ ಬತ್ತಿದ್ದ."

"ಆಮೇಲೆ?"

"ಹಗ್ಗ ಸುತ್ಕಂಡೆ."



"ಯಾಕೆ?"

"ಫೋಟೋ ಆದ್ ತಕ್ಷಣ ಹಗ್ಗ ಸುತ್ಲಾ, ಮುಂದಿನ ಊರಿಗೆ ಬೇಕು ಅಂತ ದಿನಾ ಅವ್ನೇ ಹೇಳೋನು. ನನ್ ಹೊಂಡದ ಹಗ್ಗಾನೂ ಅವ್ನ್ ಮಾತಿಗೆ ನಾನೇ ಸುತ್ತಿದ್ದು ಮೇಡಂ. ನನ್ ಕೈಯಾರೆ. ಮಾರ್ನೆ ದಿನ ನನ್ ಕೂಸು ಯಶಸ್ವಿನಿ ಬಿದ್ಲು."

"ಕುಮಾರ ಏನೂ ಅನ್ನಲಿಲ್ಲವಾ?"

"ಕೂಗ್ದ. ಆ ಕೂಸೂ ಕೂಗಿರ್ತದೆ ಅಂದ್ಕಂಡು ನಿಂತಿದ್ದೆ. ಆಮೇಲ್ ಸದ್ದು ನಿಂತೋಯ್ತು."

"ಬಾಗಿಲು ಯಾಕೆ ಕಟ್ಟಿದೆ? ಬೇಲಿ ಬಿಚ್ಚಿಕೊಂಡು ಹೋಗಿದ್ದರೆ ಜಾರಿ ಬಿದ್ದ ಎಂದೇ ಆಗುತ್ತಿತ್ತು."

ಮಂಜುನಾಥ ಮೊದಲ ಸಲ ಅವರ ಮುಖ ನೋಡಿದ.

"ಸ್ಕೂಲ್ ಬಿಟ್ ಮಕ್ಳು ಅದೇ ದಾರೀಲಿ ಬತ್ತವೆ ಮೇಡಂ. ಬಿಚ್ಚಿ ಎಂಗ್ ಬರ್ಲಿ?"

ಮಧ್ಯಾಹ್ನ ಮೂರಕ್ಕೆ ಎಫ್‌ಐಆರ್ ಕೊಲೆ ಪ್ರಕರಣವಾಗಿ ದಾಖಲಾಯಿತು, ಸಂಜೆಗೆ ಬಂಧನ. ಸಿಟ್ಟು ಅವನೊಬ್ಬನದಾಗಿತ್ತು ನಿಜ. ಸುಳ್ಳಿಗೆ ಮಾತ್ರ ಊರೇ ಹೆಬ್ಬೆಟ್ಟು ಒತ್ತಿತ್ತು, ಮಗು ಕಳೆದುಕೊಂಡವನೂ ಒತ್ತಿದ್ದ. ಆ ಸುಳ್ಳು ಅವನೊಳಗೇ ಕೊಳೆಯುತ್ತಿತ್ತು. ಹೇಳಿಕೆ ಬರೆದುಕೊಳ್ಳುವಾಗ ಮಂಚಯ್ಯ, "ಹಳೇ ಪಂಚನಾಮೆಯಲ್ಲಿ ನಾನು ನೋಡದೇನೇ ಬೇಲಿ ಇತ್ತು ಅಂತ ಬರೆದೆ ಮೇಡಂ" ಎಂದ. ಆಶಾರಾಣಿ ಅದನ್ನೂ ಬರೆಯಿರಿ ಎಂದರು. ಬರೆದ.

ಎಲೆಗೆರೆ ಕೊಪ್ಪಲಿನಲ್ಲಿ ಆ ಬೇಲಿ ಸಾಕ್ಷ್ಯವಾಗಿ ಹಾಗೇ ನಿಂತಿದೆ. ಅದನ್ನು ಕಾಯುತ್ತಿದ್ದ ಮುಂದಿನ ಊರಿನ ಹೊಂಡಗಳು ಇವತ್ತಿಗೂ ಬಾಯಿ ತೆರೆದುಕೊಂಡಿವೆ, ನೀರು ತುಂಬಿದೆ. ಆದ್ದರಿಂದ ಇದನ್ನು ಕೇಳಿ ಅಯ್ಯೋ ಪಾಪ ಎಂದು ಸುಮ್ಮನಾಗಬೇಡಿ. ಹೊಂಡ ತೋಡಿಸಿರುವ ಮನೆಯವರು ಯಾರಾದರೂ ಗೊತ್ತಿದ್ದರೆ ಈಗಲೇ ಅವರಿಗೆ ಕಳಿಸಿ. ಕೇಳಿದವರು ಎದ್ದು ಹೋಗಿ, ನಮ್ಮ ಹೊಂಡದಲ್ಲಿ ಹಗ್ಗ ಇಳಿಬಿದ್ದಿದೆಯಾ ಎಂದು ನೋಡಿಕೊಂಡು ಬರಲಿ.