ಸ್ಲೋ ಚಾರ್ಜರ್

ಹೊಸ ಬ್ಯಾಟರಿಗೆ ಎಷ್ಟಾಗುತ್ತದೆಂದು ನಮ್ಮ ಗ್ಯಾರೇಜಿನ ಓನರ್ ಹೇಳಿದಾಗ ಡ್ರೈವರಮ್ಮ ನಕ್ಕುಬಿಟ್ಟಳು. ಅವಳ ಹಳೇ ಎಲೆಕ್ಟ್ರಿಕ್ ಟ್ಯಾಕ್ಸಿಯನ್ನು ಮಾರಿದರೂ ಅದರ ಅರ್ಧವೂ ಹುಟ್ಟುತ್ತಿರಲಿಲ್ಲ.

"ಕಾರಿಗೆ ಬ್ಯಾಟರಿ ಹಾಕ್ಸೋದಾ, ಬ್ಯಾಟರಿಗೆ ಕಾರ್ ಹಾಕ್ಸೋದಾ?" ಎಂದು ನನ್ನ ಕಡೆ ತಿರುಗಿದಳು. ನಗು ತುಟಿಯಲ್ಲಿ ಮಾತ್ರ ಇತ್ತು.

ಕೆಟ್ಟ ಸೆಲ್ಲುಗಳನ್ನಷ್ಟೇ ಬದಲಿಸಿ ನಾನೇ ರಿಪೇರಿ ಮಾಡುತ್ತಿದ್ದೆ. ಕಂಪನಿಯವರು ಅದಕ್ಕೂ ಬೀಗ ಜಡಿದಿದ್ದಾರೆ. ಬ್ಯಾಟರಿಯೊಳಗೆ ಬೇರೆಯವರು ಕೈಹಾಕಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಅವರ ಹೊಸದನ್ನೇ ತಂದು ಕೂರಿಸಬೇಕು. ಕಳ್ಳರು.

ಮೊದಲ ಸಲ ನಮ್ಮಲ್ಲಿಗೆ ಚಾರ್ಜಿಗೆ ಬಂದಾಗಲೇ ಹೇಳಿದ್ದೆ, ಚಾರ್ಜು ಇಪ್ಪತ್ತು ಪರ್ಸೆಂಟಿಗಿಂತ ಕೆಳಗಿಳಿದರೆ ಬ್ಯಾಟರಿ ಬೇಗ ಸಾಯುತ್ತದೆಂದು. ತಲೆಯಾಡಿಸಿದವಳು ಆಮೇಲೆ ಪ್ರತಿ ಸಲವೂ ಸೊನ್ನೆಗೆ ಇಳಿಸಿಕೊಂಡೇ ಬಂದಳು. ಚಾರ್ಜ್ ತುಂಬುವವರೆಗೆ ಟೈರುಗಳ ರಾಶಿಯ ಮೇಲೆ ಕೂತು, ನನ್ನ ಗ್ರೀಸು ಮೆತ್ತಿದ ಕೈ ನೋಡಿ, ಅದೇ ಕೈಯಲ್ಲಿ ಉಣ್ಣುತ್ತೀಯಾ ಎಂದು ರೇಗಿಸುತ್ತಿದ್ದಳು. ನಾನು ಕಣ್ಣೆತ್ತಿದರೆ ಬೇರೆಲ್ಲೋ ನೋಡುವಳು. ತಗ್ಗಿಸಿದರೆ ನನ್ನನ್ನೇ. ಕಾರಿನ ಬಾಗಿಲ ಹೊಳಪಿನಲ್ಲಿ ಅದು ನನಗೆ ಕಾಣುತ್ತಿತ್ತು.

ಮುಂದಿನ ವಾರ ಬ್ಯಾಟರಿ ಹಾಕಿಸಲು ಬಂದಳು. ದುಡ್ಡು ಅವಳ ಭಾವನದು. ಬದಲಿಗೆ ಅವನ ತಮ್ಮನನ್ನು ಮದುವೆಯಾಗಬೇಕು. ಟ್ಯಾಕ್ಸಿ ನಿಂತರೆ ಅಮ್ಮನ ಔಷಧಿಗೇನು ಗತಿ ಎಂದು ಅಕ್ಕ ಅತ್ತಳಂತೆ. ಇದನ್ನೆಲ್ಲ ಅವಳು ಟೈರಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದಳು.

ಸ್ಪ್ಯಾನರ್ ಗೋಡೆಗೆ ಎಸೆದೆ. ಓನರ್ ಬೈದ. ಎತ್ತಿಕೊಂಡು ಬಂದು ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಚ್ಚತೊಡಗಿದೆ. ಭಾವ ಕೊಂಡಿದ್ದನ್ನು ಕೂರಿಸಿಕೊಡುವವನೂ ನಾನೇ.

"ಇಪ್ಪತ್ತಕ್ಕಿಂತ ಇಳಿಸ್ಬೇಡಿ ಅಂದಿದ್ದೆ ನೀನು," ಮೇಲಿನಿಂದ ಅವಳ ದನಿ ಬಂತು. "ನಾನು ಬೇಕಂತ್ಲೇ ಇಳಿಸ್ಕೊಂಡು ಬರ್ತಿದ್ದೆ. ಬೇಗ ತುಂಬಿದ್ರೆ ಬೇಗ ಎದ್ದು ಹೋಗ್ಬೇಕಿತ್ತಲ್ಲ."

ನಾನು ಹೊರಗೆ ಬರಲಿಲ್ಲ. "ಗೊತ್ತಿತ್ತು, ತಡೀಲಿಲ್ಲ. ಫಾಸ್ಟ್ ಚಾರ್ಜರ್ ಖಾಲಿ ಇದ್ರೂ ನಿನ್ನ ಗಾಡೀನ ಸ್ಲೋಗೇ ಹಾಕ್ತಿದ್ದೆ."

ಅಲ್ಲಿಂದ ಕಾಣುತ್ತಿದ್ದುದು ಅವಳ ಚಪ್ಪಲಿ ಮಾತ್ರ.

"ಹಾಗಾದ್ರೆ ಇದನ್ನ ಸಾಯಿಸಿದ್ದು ನಾವೇ ಕಣೋ," ಎಂದಳು.

ಕೆಲಸ ಮುಗಿಸಿ ಕೀ ಚಾಚಿದೆ. ಕೀ ಕೊಡುವಾಗ ಗಿರಾಕಿಗೆ ಗ್ಯಾರಂಟಿ ಹೇಳಲೇಬೇಕು. ಓನರ್ ಪಕ್ಕದಲ್ಲೇ ನಿಂತಿದ್ದ.

"ಎಂಟು ವರ್ಷ ಏನೂ ಆಗಲ್ಲ. ಇಲ್ಲಿಗೆ ಬರೋದೇ ಬೇಡ. ಈಗ ಅರ್ಧ ಚಾರ್ಜ್ ಇದೆ, ಮನೆ ತಲುಪ್ತೀಯ."

ಅವಳು ಕೀ ತೆಗೆದುಕೊಳ್ಳಲಿಲ್ಲ.

"ಸ್ಲೋಗೆ ಹಾಕು."

ಹಾಕಿದೆ. ಹೋಗಿ ಟೈರಿನ ಮೇಲೆ ಅವಳ ಪಕ್ಕ ಕೂತೆ, ಮೊದಲ ಸಲ. ಗ್ರೀಸು ಕೈಯನ್ನೇ ಅವಳು ಹಿಡಿದುಕೊಂಡಳು. ಬೇರೆ ಗಾಡಿ ಕಾಯುತ್ತಿದೆಯೆಂದು ಓನರ್ ಕೂಗಿದ.

ಕೂಗಲಿ.