ಹಳೇ ಎಳೆ ಬಿಡದ ಡಿಸ್ಕು

ರಬಕವಿಯ ಸೀರೆ ವ್ಯಾಪಾರಿ ಈಶ್ವರನ ಸರ್ವರ್ ಕೆಟ್ಟಿತ್ತು. ತೀರಿಹೋದ ಅವನ ನೇಕಾರ ತಂದೆ ಬರೆದ ಸೆರಗಿನ ವಿನ್ಯಾಸಗಳು ಅದರಲ್ಲಿ ಮಾತ್ರ ತೆರೆಯುತ್ತಿದ್ದವು. ರಿಪೇರಿಗೆ ಹೋದ ನಾನು ಬ್ಯಾಕಪ್‌ನಿಂದ ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿದೆ. ಆದರೆ ಯಂತ್ರವನ್ನು ಎಬ್ಬಿಸುವ ಹಳೆಯ ಬೂಟ್ ಲೋಡರ್ ನಮ್ಮ ಬ್ಯಾಕಪ್ ಸಾಫ್ಟ್‌ವೇರಿಗೆ ಒಗ್ಗದೆ, ಅದೊಂದು ಮಾತ್ರ ಹೊಸ ಡಿಸ್ಕಿಗೆ ಬಂದಿರಲಿಲ್ಲ. ಪರದೆ ಕಪ್ಪಾಗಿಯೇ ಇತ್ತು.

ಈಶ್ವರನ ತಾಯಿ ಹಾಲವ್ವ ಬಾಗಿಲಲ್ಲಿ ಕೂತಿದ್ದರು. “ಹೊಸಾ ಹಾಸಿನ ಎಳಿ ಕೂಡಸಾಕ ಮಗ್ಗದಾಗ ಹಳೇ ಎಳಿ ತುದಿ ಬಿಟ್ಟಿರಬೇಕು ತಮ್ಮಾ. ನೀ ಬಿಟ್ಟಿಲ್ಲೇನು?”

“ಇಲ್ಲವ್ವಾ, ಬಿಟ್ಟಿಲ್ರಿ.”

ಮಧ್ಯಾಹ್ನದ ಊಟಕ್ಕೆಂದು ಓಣಿಯ ಮಗ್ಗಗಳು ನಿಂತವು. ಆಗ ಸರ್ವರ್ ಪೆಟ್ಟಿಗೆಯೊಳಗಿಂದ ಬೆರಳಿಗೆ ಬೆರಳು ತಿಕ್ಕುವಂಥ ಮೆಲ್ಲನೆಯ ಸದ್ದು ಕೇಳಿಸಿತು. ಬಿಸಿಲಿಗೆ ಕಾದಿದ್ದ ಅದರ ತಗಡು ಮುಟ್ಟಿದರೆ ತಣ್ಣಗಿತ್ತು. ಬೂದಿಯ ವಾಸನೆ ಬಂತು.

ಹಾಲವ್ವ ಸೆರಗು ಹೊದ್ದು ಎದ್ದು ನಿಂತರು. “ನಮ್ಮನಿಯವರು ಬೆರಳಿಗೆ ಬೂದಿ ಹಚ್ಚಿಕೊಂಡು ಹಳೇ ಎಳಿಗೆ ಹೊಸಾ ಎಳಿ ಹೊಸೀತಿದ್ರು.”

ಪರದೆ ಬೆಳಗಿತು. ಕೆಂಪು, ಹಸಿರು ಸೆರಗುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಾನು ಕೈ ಮುಗಿದು ನಿಂತಿದ್ದುದು ನನಗೇ ಆಮೇಲೆ ಗೊತ್ತಾಯಿತು.

ಮೊನ್ನೆಯೂ ಹೋಗಿ ನೋಡಿದೆ. ಡಿಸ್ಕಿನಲ್ಲಿ ಬೂಟ್ ಲೋಡರ್ ಇರಬೇಕಾದ ಜಾಗ ಇನ್ನೂ ಖಾಲಿ. ಯಂತ್ರ ದಿನಾ ಬೆಳಿಗ್ಗೆ ಏಳುತ್ತದೆ. ಓಣಿಯ ಮಗ್ಗಗಳಿಗೆಲ್ಲ ರಜೆ ಇರುವ ಅಮಾವಾಸ್ಯೆಯಂದು ಮಾತ್ರ ಏಳುವುದಿಲ್ಲ.