ಸೋಮವಾರ ಹನ್ನೊಂದು ಗಂಟೆ

ಭಾನುವಾರ ಅವನು ಬರುವ ದಿನವಲ್ಲ. ಆದರೂ ನೀಲಾಂಬಿಕಾ ಲೈಬ್ರರಿಯ ಬಾಗಿಲ ಕಡೆ ಐದು ಸಲ ನೋಡಿಯಾಗಿತ್ತು. ಆರನೇ ಸಲ ನೋಡಿದಾಗ ಸಂಗಮೇಶ ಚಪ್ಪಲಿ ಬಿಡುತ್ತಿದ್ದ.

ಅವಳು ಕೈಯಲ್ಲಿದ್ದ ಹಾಳೆಯತ್ತ ತಲೆ ಬಗ್ಗಿಸಿದಳು.

ಹಾಳೆಯ ತುಂಬ ವಸಂತಮ್ಮನವರ ಬದುಕಿತ್ತು. ಪೀಣ್ಯದ ಈ ಸಾರ್ವಜನಿಕ ಗ್ರಂಥಾಲಯವನ್ನು ಇಪ್ಪತ್ತೊಂದು ವರ್ಷ ನೋಡಿಕೊಂಡು, ತೊಂಬತ್ತೈದನೇ ಇಸವಿಯಲ್ಲಿ ನಿವೃತ್ತರಾಗಿ, ಹೋದ ಮಂಗಳವಾರ ತೀರಿಕೊಂಡರು. ಇವತ್ತು ಇಲ್ಲಿ ಅವರ ಶ್ರದ್ಧಾಂಜಲಿ ಸಭೆ. ನೀಲಾಳ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದರು. "ಬಿ.ಎ. ಮಾಡಿದೀಯ, ಡೈರಿ ಬೇರೆ ಬರೀತೀಯ, ನೀನೇ ಓದಮ್ಮ," ಎಂದು ಅಟೆಂಡರ್ ದ್ಯಾಮಣ್ಣ ಈ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದ. ನೆಂಟರ ಮನೆಯಲ್ಲಿ ಕುಡಿಯಲು ನೀರು ಕೇಳುವುದಕ್ಕೂ ನಾಚುವ ಹುಡುಗಿಯ ತಲೆಗೆ!

ಆದರೆ ಅವಳ ಚಡಪಡಿಕೆ ಈ ಸಭೆಯದ್ದಲ್ಲ, ನಾಳೆಯದ್ದು. ನಾಳೆ ಸೋಮವಾರ.

ಕರೆಂಟಿನ ತಾಪತ್ರಯಕ್ಕೆ ಒಂದೊಂದು ರಸ್ತೆಯ ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ. ಸಂಗಮೇಶನಿಗೆ ಸಿಕ್ಕಿದ್ದು ಸೋಮವಾರ. ಲೈಬ್ರರಿಗೂ ಸೋಮವಾರವೇ ರಜೆ. ಲೇತ್ ಯಂತ್ರದ ಮುಂದೆ ನಿಲ್ಲುವ ಬಾಗಲಕೋಟೆಯ ಹುಡುಗನ ಓದುವ ಹುಚ್ಚು ಕಂಡು, ವಸಂತಮ್ಮ ಅವನ ಕಾರ್ಡಿನಲ್ಲಿ ಪುಸ್ತಕ ತಂದಿಟ್ಟು ಮನೆಗೇ ಬರಹೇಳಿದರು. ಮಂಡಿನೋವಿನ ಅವರು ಸಂಜೆ ಲೈಬ್ರರಿಗೆ ಹೋಗುವುದಕ್ಕಲ್ಲದೆ ಮಹಡಿಯ ಮೆಟ್ಟಿಲಿಳಿಯುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಗೇಟಿನಲ್ಲಿ ಪುಸ್ತಕ ಕೊಡುವ ಕೆಲಸ ನೀಲಾಳ ಪಾಲಿಗೆ ಬಂತು.

ಒಂದೂವರೆ ವರ್ಷ. ಗೇಟಿನ ಆಚೆ ಅವನು, ಈಚೆ ಇವಳು.

"ಚೆನ್ನಾಗಿತ್ತಾ?"

"ಹ್ಞೂಂ ರೀ."

ಅಷ್ಟೇ ಮಾತು. ತಿರುವಿನಲ್ಲಿ ಅವನು ಒಮ್ಮೆ ಹಿಂತಿರುಗಿ ನೋಡುವನು. ಅಷ್ಟರವರೆಗೂ ಇವಳು, ಸರಿಯಾಗೇ ಇದ್ದ ಚಿಲಕವನ್ನು ಹಾಕಿ ತೆಗೆದು ಮಾಡುವಳು. ಎಣ್ಣೆ ಕೈ ತಾಗದಿರಲೆಂದು ಅವನು ಪುಸ್ತಕಕ್ಕೆ ಹಾಕಿರುತ್ತಿದ್ದ ಪೇಪರ್ ಬೈಂಡನ್ನು ಬಿಚ್ಚಿ, ಮಡಿಸಿ, ಡೈರಿಯೊಳಗೆ ಇಟ್ಟುಕೊಳ್ಳುವಳು. ಡೈರಿ ಈಗ ಮುಚ್ಚಲಾರದಷ್ಟು ದಪ್ಪ.

ಇನ್ನು ಮೇಲೆ ಪುಸ್ತಕವಿಲ್ಲ. ಅವನೇಕೆ ಬಂದಾನು?

ದ್ಯಾಮಣ್ಣ ಅವಳ ಹೆಸರು ಕರೆದ. ನೀಲಾ ಎದ್ದು ನಿಂತಳು. ಮೊದಲ ಎರಡು ಸಾಲು ಅವಳಿಗೇ ಕೇಳಿಸಲಿಲ್ಲ.

"...ಒಂದೇ ಪೇಪರ್‌ನ ಆರು ಜನ ಓದಲಿ ಅಂತ ಹಾಳೆ ಹಾಳೆ ಬಿಡಿಸಿ ಹಂಚುತ್ತಿದ್ದರು. ಬಾಡಿಗೆ ರೂಮಿನವರಿಗೆ ಕಾರ್ಡ್ ಮಾಡಿಸಲು ಇಲ್ಲಿಯವರೊಬ್ಬರ ಜಾಮೀನು ಬೇಕಿತ್ತು. ಯಾರೂ ಕೊಡದಿದ್ದಾಗ ವಸಂತಮ್ಮನವರೇ ಸಹಿ ಹಾಕುತ್ತಿದ್ದರು. 'ಗೊತ್ತಿಲ್ಲದವರಿಗೆ ಯಾಕೆ ಹಾಕ್ತೀರಿ?' ಅಂತ ಕೇಳಿದರೆ, 'ಪುಸ್ತಕ ಹಿಡಿಯೋ ರೀತಿ ನೋಡಿದೀನಲ್ಲ, ಸಾಕು' ಅನ್ನುತ್ತಿದ್ದರು."

"ನನಗೂ ಅವರೇ ಹಾಕಿದ್ದು!" ಯಾರೋ ಕೈಯೆತ್ತಿದರು. ಗಾರ್ಮೆಂಟ್ಸ್‌ನ ಅಂಜಿನಮ್ಮ ಕೈಯೆತ್ತಿದಳು. ನೋಡುತ್ತಿದ್ದಂತೆ ಅರ್ಧ ಕೋಣೆಯೇ ಕೈಯೆತ್ತಿತು. ಕಿಟಕಿಯ ಬಳಿ ಸಂಗಮೇಶನ ಕೈ. ಉಳಿದ ಸಾಲುಗಳನ್ನು ಅವಳು ಹಾಳೆ ನೋಡದೆಯೇ ಹೇಳಿ ಮುಗಿಸಿದಳು. ಹಾಳೆ ಮಂಜಾಗಿತ್ತು.

ಟೀ ಲೋಟ ಹಿಡಿದು ಜಗುಲಿಗೆ ಬಂದಾಗ ಅವನು ರೂಮ್‌ಮೇಟ್ ಮಲಕಪ್ಪನ ಜೊತೆ ನಿಂತಿದ್ದ. ಮೊದಲ ಬಾರಿಗೆ ಅವರಿಬ್ಬರ ನಡುವೆ ಗೇಟಿರಲಿಲ್ಲ. ಕೈ ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

"ರಜಾ ಹಾಕಿ ಬಂದ್ರಾ?"

ಅವನು ಬಾಯಿ ತೆರೆಯುವ ಮೊದಲೇ ಮಲಕಪ್ಪ, "ಯಾವ ರಜಾರೀ ಅಕ್ಕಾರ? ಇವತ್ತ ಐತವಾರ, ನಮ್ಮ ಕಂಪನಿಗೆ ಐತವಾರನ ಸೂಟಿ ಆಗಿ ಎಂಟ್ ತಿಂಗಳಾತು! ಸೋಮವಾರ ಬಂತಂದ್ರ ಇವ ಎಲ್ಲಾರ ಕೈಕಾಲ್ ಹಿಡಿದು ಮಧ್ಯಾಹ್ನದ ಸೆಕೆಂಡ್ ಶಿಫ್ಟ್ ಹಾಕಿಸ್ಕೊಂತಾನ. ಯಾಕಲೇ ಅಂದ್ರ, ಲೈಬ್ರರಿಗೆ ಹೋಗಬೇಕಂತಾನ!" ಎಂದವನು ಗೋಡೆಯ ಬೋರ್ಡು ನೋಡಿ ಹುಬ್ಬೇರಿಸಿದ. "ಏ ಸಂಗ್ಯಾ, ಸೋಮವಾರ ಇದು ಬಂದ್ ಇರತೈತಲ್ಲೋ?"

ಸಂಗಮೇಶ ಅವನನ್ನು ಇನ್ನೊಂದು ಟೀ ಕುಡಿಯಲು ಅಟ್ಟಿದ. ಕಿವಿ ಕೆಂಪಾಗಿತ್ತು.

"ಎಂಟು ತಿಂಗಳು ಸುಳ್ಳು ಹೇಳಿದ್ರಾ?" ಗದರಬೇಕೆಂದುಕೊಂಡಿದ್ದಳು. ಸ್ವರ ಮಾತು ಕೇಳಲಿಲ್ಲ.

"ಸೂಟಿ ಬದಲಾಗಿದ್ದು ನಿಮಗಷ್ಟ ಹೇಳಿಲ್ರೀ. ವಸಂತಮ್ಮ ಮೇಡಂಗ ಮೊದಲನೇ ಐತವಾರನ ಇಲ್ಲಿಗೆ ಬಂದು ಹೇಳಿದ್ದೆ."

"ಏನಂದ್ರು?"

"'ಈ ಕಿವಿ ಮಂದ ಕಣಪ್ಪ, ಕೇಳಿಸಲಿಲ್ಲ' ಅಂದ್ರು. ಆಮ್ಯಾಲೆ, 'ಸೋಮವಾರಕ್ಕೆ ಯಾವ ಪುಸ್ತಕ ಇಡ್ಲಿ?' ಅಂತ ಕೇಳಿದ್ರು."

ಮೂರು ಮನೆಯಾಚೆಯ ಕುಕ್ಕರ್ ಸೀಟಿ ಎಣಿಸುತ್ತಿದ್ದ ಕಿವಿ ಅದು! ನೀಲಾಳಿಗೆ ನಗು ಬಂತು, ಜೊತೆಗೆ ಅಳುವೂ.

ಅವನು ಬ್ಯಾಗಿನಿಂದ ಕೊನೆಯ ಪುಸ್ತಕ ತೆಗೆದ. ಅದಕ್ಕೂ ಬೈಂಡು. "ಇದನ್ನ ವಾಪಸ್ ಕೊಡಾಕ ಬಂದೆ. ನಾಳೆ ಬರಾಕ..." ಬೈಂಡಿನ ಅಂಚು ಸವರಿದ. "ಇನ್ನ ನೆವ ಇಲ್ಲಲ್ರೀ."

ಡೈರಿಯಲ್ಲಾದರೆ ನಾಲ್ಕು ಪುಟ ಸುತ್ತಿ ಬಳಸಿ ಬರೆಯುತ್ತಿದ್ದಳು. ಇಲ್ಲಿ ಅಷ್ಟು ಜಾಗವಿರಲಿಲ್ಲ.

"ನಾಳೆ ಹನ್ನೊಂದಕ್ಕೆ ಬೇಡ," ಎಂದಳು. ಅವನ ಮುಖ ಬಾಡಿತು. "ಮೂರು ಗಂಟೆಗೆ ಬನ್ನಿ. ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದಿರ್ತಾರೆ. ಗೇಟ್ ಹತ್ರ ಅಲ್ಲ, ಒಳಗೆ ಬನ್ನಿ."

ಅವನು ಪುಸ್ತಕವನ್ನು ಅವಳ ಕೈಗಿಟ್ಟ. "ಯಾರ ಗುರ್ತು ಅಂತ ಹೇಳ್ಲಿ ನಿಮ್ಮಪ್ಪಾರಿಗೆ?"

"ವಸಂತಮ್ಮ ಜಾಮೀನು ಹಾಕಿದಾರಲ್ಲ."

"ಆದ್ರ ಮೂರಕ್ಕ ನನಗ ಶಿಫ್ಟ್ ಐತಿ..."

"ರಜಾ ಹಾಕಿ." ಅವಳು ತಲೆಯೆತ್ತಿ, ಅವನ ಕಣ್ಣನ್ನು ಪೂರ್ತಿಯಾಗಿ ನೋಡಿದಳು. "ಎಂಟು ತಿಂಗಳಿಂದ ಸೋಮವಾರ ರಜಾ ಅಂತ ನನ್ನ ನಂಬಿಸಿದ್ರಲ್ಲ, ಒಂದು ದಿನನಾದ್ರೂ ನಿಜ ಮಾಡಿ."